ಮಾಳಿಗೆ ಏರಿದ ತಬಕಡಿಗಳು

ಶೇಡಬಾಳ
೮ ಮೇ ೨೦೨೫

ನನ್ನ ಸೌಂದರ್ಯಾ,

ಹೇಗಿದ್ದೀ ಎಂದು ಕೇಳುವುದಿಲ್ಲ. ಅರವತ್ತು ಹುಡುಗಿಯರ ಹಾಸ್ಟೆಲ್ ನಡೆಸುತ್ತಾ ಬೇಸರಪಡಲು ನಿನಗೆ ಪುರುಸೊತ್ತೆಲ್ಲಿ? ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ನಾನು ಫೋನ್ ಹಿಡಿದರೆ ಇಡೀ ಪಡಸಾಲೆಯೇ ಕಿವಿಯಾಗುತ್ತದೆ.

ನಿಪ್ಪಾಣಿಯ ನಿನ್ನ ಹಾಸ್ಟೆಲಿನ ಮೇಲ್ವಿಚಾರಕಿ ಕೆಲಸಕ್ಕೆ ಹದಿನೈದರೊಳಗೆ ಬರುತ್ತೀಯೋ ಇಲ್ಲವೋ ಹೇಳು ಎಂದಿದ್ದೀ. ಮೂರು ಸಲ ಒಂದೇ ನೆವ ಹೇಳಿದೆ: ನನ್ನ ರೆಕಾರ್ಡುಗಳನ್ನು ಬಿಟ್ಟು ಹೇಗೆ ಬರಲಿ? ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯುಗಾದಿಯ ಮರುದಿನ ನನ್ನ ಯಜಮಾನರ ಮುಂದೆ ಮಾತು ತೆಗೆದಿದ್ದೆ. ಅವರು ಸಿಟ್ಟಾಗಲಿಲ್ಲ. ಚಹಾ ಕುಡಿದು ಕಪ್ಪು ಕೆಳಗಿಟ್ಟು, "ಹೋಗು, ಯಾರ್ ಬ್ಯಾಡಂದಾರ? ತಬಕಡಿ ಮಾತ್ರ ಇಲ್ಲೇ ಇರ್ಲಿ. ಅವು ಇಲ್ಲಿದ್ರ ನೀ ಎಂಟ್ ದಿನದಾಗ ತಿರುಗಿ ಬರ್ತಿ" ಎಂದರು. ರೆಕಾರ್ಡಿಗೆ ಇವರ ಮನೆಯಲ್ಲಿ ತಬಕಡಿ ಅನ್ನುವುದು. ಅಂದೇ ಅವುಗಳ ಕಪಾಟಿಗೆ ಬೀಗ ಬಿತ್ತು, ಕೀಲಿ ಅತ್ತೆಯ ಸೊಂಟ ಸೇರಿತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ಈಶ್ವರಪ್ಪನವರು ನನ್ನ ಬಗ್ಗೆ ಸರಿಯಾಗಿ ತಿಳಿದುಕೊಂಡದ್ದು ಇದೊಂದೇ.

ಶಾಲೆ ಬಿಟ್ಟೊಡನೆ ನೀನು ಓಡಿಬರುತ್ತಿದ್ದ ಕಾಗವಾಡದ ನಮ್ಮ ಮನೆ ನೆನಪಿದೆಯಲ್ಲ? ಮಿರಜದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅಪ್ಪನಿಗೆ, ಅಮೆರಿಕಕ್ಕೆ ಮರಳಿದ ಡಾಕ್ಟರಮ್ಮ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಕೊಟ್ಟುಹೋಗಿದ್ದಳು. ನಾವಿಬ್ಬರೂ ಶೇಂಗಾ ಸುಲಿಯುತ್ತಾ ಜಾಝ್ ಕೇಳಿದವರು. ಸೋಲ್ ಎಂಬ ಬಗೆಯ ಇಂಗ್ಲಿಷ್ ಹಾಡು ಹಾಡುವ ಆ ಹಾಡುಗಾರ್ತಿ ಸಾಲಿನ ನಡುವೆ ಉಸಿರೆಳೆದುಕೊಂಡರೆ ಸಾಕು, ಒಂದು ಶಬ್ದ ತಿಳಿಯದಿದ್ದರೂ ನಿನ್ನ ಕಣ್ಣು ತುಂಬುತ್ತಿತ್ತು. ಅಪ್ಪ "ಯಾಕವ್ವಾ, ಹೊಟ್ಟಿ ನೋಯಾಕತ್ತೈತೇನ?" ಎಂದು ಔಷಧದ ಶೀಶೆ ಹುಡುಕುತ್ತಿದ್ದ.

ಅಪ್ಪನ ಮೂವತ್ತೊಂದು ರೆಕಾರ್ಡುಗಳನ್ನು ನಾನು ಇನ್ನೂರ ಹನ್ನೆರಡು ಮಾಡಿದೆ. ಯಾರ ಮದುವೆಯ ಜವಳಿಗೆ ಕೊಲ್ಹಾಪುರಕ್ಕೆ ಹೋದರೂ ಹಳೇ ಸಾಮಾನಿನ ಅಂಗಡಿಗೆ ನುಸುಳಿ, ಸೀರೆಯ ಮಡಿಕೆಯಲ್ಲಿ ಒಂದನ್ನಾದರೂ ಮುಚ್ಚಿ ತರುತ್ತಿದ್ದೆ. ಇವರು ದ್ರಾಕ್ಷಿ ತೋಟಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೇಳುವುದು. ಸ್ಯಾಕ್ಸೊಫೋನ್ ಊದುವವನು ಒಂದೇ ಮಾತನ್ನು ಹತ್ತು ಬಗೆಯಲ್ಲಿ ಹೇಳುತ್ತಾನೆ. ನಾನು ಈ ಮನೆಯಲ್ಲಿ ಇಪ್ಪತ್ತೆರಡು ವರ್ಷ "ಹೂನ್ರಿ" ಎಂಬ ಒಂದೇ ಮಾತನ್ನು ಒಂದೇ ಬಗೆಯಲ್ಲಿ ಹೇಳಿದ್ದೇನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ; ಸೊಸೆಯ ಕಾಲ ಇನ್ನೂ ದಾರಿಯಲ್ಲೇ ಇದೆ.

ಈಗ ಆದದ್ದನ್ನು ಹೇಳುತ್ತೇನೆ, ಕುಳಿತುಕೊಂಡು ಓದು. ಸೋಮವಾರ ನಮ್ಮ ಮನೆಯ ಹಪ್ಪಳದ ಸರದಿ. ಓಣಿಯ ಹೆಂಗಸರೆಲ್ಲ ದಿನಕ್ಕೊಂದು ಮನೆಯಂತೆ ಹೋಗಿ ಹಾಕಿಕೊಡುವುದು ಇಲ್ಲಿಯ ಪದ್ಧತಿ. ಸಾಬೂದಾಣಿ ಕುದ್ದು ಅಂಬಲಿಯಾಗಿತ್ತು, ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಇವರು ಒಣಹಾಕಿದ ಮನೂಕ ದ್ರಾಕ್ಷಿ ಮುಚ್ಚಲು ತೋಟಕ್ಕೆ ಒಯ್ದಿದ್ದರು. ಹೆಂಗಸರು ಕಾಯುತ್ತಿದ್ದರು, ಅಂಬಲಿ ಆರಿದರೆ ಗಂಟಾಗುತ್ತದೆ. ಅತ್ತೆ ಸಕ್ಕುಬಾಯಿಯವರಿಗೆ ಕಪಾಟಿನ ದುಂಡನೆಯ ನುಣುಪು ತಟ್ಟೆಗಳು ನೆನಪಾದವು. ಹೊತ್ತು ನೆತ್ತಿಗೇರುವಷ್ಟರಲ್ಲಿ ಇನ್ನೂರ ಹನ್ನೆರಡೂ ಮಾಳಿಗೆಯ ಮೇಲಿದ್ದವು, ಒಂದೊಂದರ ಮೇಲೆ ಒಂದೊಂದು ಹಪ್ಪಳ.

ಮೇ ತಿಂಗಳ ಬಿಸಿಲು ನಿನಗೆ ಹೇಳಬೇಕೇ? ಸಂಜೆಗೆ ರೆಕಾರ್ಡುಗಳೆಲ್ಲವೂ ಅಂಚು ಎತ್ತಿಕೊಂಡು ಬುಟ್ಟಿಯಾಗಿದ್ದವು. ಹಪ್ಪಳಗಳ ಮೇಲೆ ಸಣ್ಣ ಸಣ್ಣ ಗೆರೆ, ನಡುವೆ ತೂತು. ಅತ್ತೆ "ನಕ್ಷಿ ಭಾಳ ಛಂದ ಬಂದೈತಿ" ಎಂದು ಎಲ್ಲರಿಗೂ ತೋರಿಸಿದರು. ತೋಟದಿಂದ ಬಂದ ಇವರು ಮಾಳಿಗೆಯ ಮೆಟ್ಟಿಲ ಮೇಲೇ ಕುಳಿತರು. "ಅವ್ವಾ, ಏನ್ ಮಾಡಿದಿ ಇದು?" ಎಂದರೆ, "ಹಪ್ಪಳಾ ಮಾಡೀನಿ" ಎಂದರು ಅತ್ತೆ.

ಒಂದನ್ನು ತೊಳೆದು ಪ್ಲೇಯರಿಗೆ ಹಾಕಿದೆ. ಸೂಜಿ ದಿಬ್ಬ ಹತ್ತಿತು, ಇಳಿಯಿತು, ಹಾಡುಗಾರ್ತಿ ಎರಡು ಸಲ ನರಳಿ ಸುಮ್ಮನಾದಳು. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ಅಪ್ಪ ಎರಡನೇ ಸಲ ಸತ್ತಂತಾಯಿತು.

ಮರುದಿನ ಇವರು, "ಕೊಲ್ಹಾಪುರಕ್ಕ ಹೋಗೂಣು, ಹೊಸಾವು ತರೂಣು" ಎಂದರು. ದನಿಯಲ್ಲಿ ಹೆದರಿಕೆ ಇತ್ತು. "ಒಲ್ಲೆರಿ" ಎಂದೆ. ಅವರಿಗೆ ಅರ್ಥವಾಗಿರಬೇಕು.

ಬುಧವಾರ ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ಬರುತ್ತೇನೆ. ನನ್ನ ರೆಕಾರ್ಡುಗಳಿಗೆಂದು ನೀನು ಮಾಡಿಸಿಟ್ಟ ಕಪಾಟನ್ನು ಹುಡುಗಿಯರ ಪುಸ್ತಕಕ್ಕೆ ಕೊಟ್ಟುಬಿಡು. ಒಂದು ಚೀಲ ಬಟ್ಟೆ, ಒಂದು ಡಬ್ಬಿ ಹಪ್ಪಳ, ಅಷ್ಟೇ ನನ್ನ ಸಾಮಾನು.

ನಿನ್ನ
ಸುಜಾತಾ

ತಾ.ಕ.: ಅತ್ತೆಯನ್ನು ಮನಸ್ಸಿನಲ್ಲೂ ಬೈಯಬೇಡ. ಬೀಗ ತೆಗೆಯುವ ಮುಂಚೆ ಅವರು ನನ್ನನ್ನು ಕೇಳಿದ್ದರು, "ಬಿಸಲಿಗಿ ಇಟ್ರ ಇವೇನೂ ಕೆಡೂದಿಲ್ಲ ಹೌದಲ್ಲ?" ಎಂದು. "ಏನೂ ಆಗೂದಿಲ್ರಿ" ಎಂದೆ. ಅವರಿಗೆ ಬೇಕಾಗಿದ್ದದ್ದು ನಲವತ್ತೇ ತಟ್ಟೆ. ಉಳಿದವನ್ನು ಮಾಳಿಗೆಗೆ ಹೊತ್ತವಳು ನಾನೇ.