ಬೆರಳು ತೆಗೀಬೇಡಿ

ಮಾರ್ಚ್ 3
ರೌಂಡ್ಸ್ ಮುಗೀತು. ಟೀ ಆರಿಹೋಗಿದೆ. ಆಕ್ಸಿಡೆಂಟ್ ಆಗಿ ಬಂದ ನಮ್ಮ ಆಂಬುಲೆನ್ಸ್ ಡ್ರೈವರಣ್ಣ ಇವತ್ತು ಕಣ್ಣು ಮಿಟುಕಿಸಿದ. ಉಸಿರಾಟಕ್ಕೆ ಅವನ ಕುತ್ತಿಗೆ ಕೊಯ್ದು ಟ್ಯೂಬ್ ಹಾಕಿದವಳು ನಾನೇ. ಮಾತಿಲ್ಲ, ಸ್ಲೇಟೇ ಗತಿ. ಬರೆದ: "ಈಗ ಹೆಂಡ್ತಿಗೆ ನೆಮ್ಮದಿ." ಅವಳು ಕಿತ್ಕೊಂಡು ಒರೆಸಿದಳು. "ಮಾತು ಬರ್ಲಿ, ಆಮೇಲಿದೆ ನಿಮಗೆ!" ಮತ್ತೆ ಬರೆದ: ತನ್ನ ಗಾಡಿ ಓಡಿಸೋ ಹೊಸಬ ಸೈರನ್ ಸುಮ್ಮಸುಮ್ಮನೆ ಆಫ್ ಮಾಡ್ತಾನಂತೆ. "ಪೇಷಂಟಿಗೆ ಉಸಿರಿರೋವರೆಗೂ ಸೈರನ್ ಹೊಡೀಬೇಕು ಅಂತ ಹೇಳಿ ಮೇಡಂ." ಹೇಳಿದೆ. ಹೊಸಬ ಒಪ್ಕೊಂಡ.

ಮಾರ್ಚ್ 5
ಬೆಳಿಗ್ಗೆ ಅವನ ಟ್ಯೂಬಿಂದ ಕಫ ಎಳೆಯೋ ಸಕ್ಷನ್ ಪೈಪ್‌ನಲ್ಲಿ ರಕ್ತ. ತಾನಾಗೇ ನಿಂತಿತು. ಸಿಸ್ಟರ್: "ಪೈಪ್ ತರಚಿರ್ಬೇಕು. ಸ್ವಲ್ಪನೇ ಮೇಡಂ."
ಈ 'ಸ್ವಲ್ಪ' ಕೇಳಿದ್ರೆ ಮೈ ಉರಿಯುತ್ತೆ. ಟ್ಯೂಬ್ ಉಜ್ಜಿ ಉಜ್ಜಿ ಶ್ವಾಸನಾಳ ಸವೆದು, ಮುಂದಿರೋ ದೊಡ್ಡ ರಕ್ತನಾಳಕ್ಕೆ ತೂತು ಬಿದ್ರೆ ಮೊದಲು ಬರೋದು ಹೀಗೇ. ಅಪರೂಪ. ಬಂದರೆ ಮುಗೀತು. ಜಗಳ ಆಡಿ ಸ್ಕ್ಯಾನ್ ಮಾಡಿಸಿದೆ. ಏನೂ ಕಾಣಲಿಲ್ಲ. ಎದೆ ಸರ್ಜನ್ ನಕ್ಕರು. "ಎಲ್ಲದಕ್ಕೂ ಗಾಬರಿ ನಿಂಗೆ." ಆಗಲಿ. ಆಪರೇಷನ್ ಥಿಯೇಟರ್, ಬ್ಲಡ್ ರೆಡಿ ಇಡಿ ಅಂದೆ. ಗೊಣಗಿಕೊಂಡೇ ಒಪ್ಪಿದರು.

ಮಾರ್ಚ್ 6, ಸಂಜೆ
ಮಧ್ಯಾಹ್ನ ಕೆಮ್ಮಿದ. ಟ್ಯೂಬಿಂದ ರಕ್ತ ಚಿಮ್ಮಿ ಗೋಡೆವರೆಗೂ... ರಕ್ತನಾಳ ಒತ್ತಲಿ ಅಂತ ಟ್ಯೂಬಿನ ಬಲೂನಿಗೆ ಇನ್ನಷ್ಟು ಗಾಳಿ ತುಂಬಿದೆ. ನಿಲ್ಲಲಿಲ್ಲ. ಬಾಯಿಂದ ಬೇರೆ ಟ್ಯೂಬ್ ಇಳಿಸಿ, ಕುತ್ತಿಗೆಯದು ಕಿತ್ತು, ತೂತಿನೊಳಗೆ ಬೆರಳು ತೂರಿಸಿ ರಕ್ತನಾಳವನ್ನು ಎದೆಮೂಳೆಗೆ ಒತ್ತಿದೆ. ನಿಂತಿತು.
ಬೆರಳು ತೆಗೆಯೋ ಹಾಗಿಲ್ಲ. ಸ್ಟ್ರೆಚರ್ ಮೇಲೇ ಹತ್ತಿ ಮಂಡಿಯೂರಿದೆ. ಲಿಫ್ಟ್ ಬಾಗಿಲಲ್ಲಿ ಹೆಂಡತಿ: "ಬೆರಳು ತೆಗೀಬೇಡಿ ಮೇಡಂ, ಕಾಲಿಗೆ ಬೀಳ್ತೀನಿ!" ಬೆರಳ ತುದಿಗೆ ಅವನ ನಾಡಿ ಹೊಡೀತಾನೇ ಇತ್ತು.
ಸರ್ಜನ್ ಎದೆ ತೆರೆದು ರಕ್ತನಾಳ ಕಟ್ಟಿದರು. "ಈಗ ತೆಗಿ." ಬೆರಳು ಮರಗಟ್ಟಿತ್ತು, ಬರಲೇ ಇಲ್ಲ. ಅವರೇ ಹಿಡಿದು ಬಿಡಿಸಿದರು. ಈ ಸಲ ನಗಲಿಲ್ಲ.

ಮಾರ್ಚ್ 14
ಬದುಕಿದ್ದಾನೆ. ರಕ್ತನಾಳ ಕಟ್ಟಿದ್ದಕ್ಕೆ ಮೆದುಳಿಗೆ ರಕ್ತ ಕಮ್ಮಿಯಾಗಿ ಎಡಗೈ ಏಳ್ತಿಲ್ಲ. ಸ್ಲೇಟಲ್ಲಿ: "ಗೇರ್ ಹಾಕೋಕೆ ಹೆಂಡ್ತೀನ ಕೂರಿಸ್ಕೋತೀನಿ." ಅವಳು ನಕ್ಕು, ಹೊರಗೆ ಹೋಗಿ ಅತ್ತಳು.
ಜ್ವರ. ಎದೆಯ ಗಾಯದಲ್ಲಿ ಕೀವು. ರಕ್ತನಾಳ ಕಟ್ಟಿದ ಜಾಗವನ್ನೇ ಆ ಕೀವು ತಿಂದರೆ? ಆಪರೇಷನ್‌ನಲ್ಲಿ ಎದೆಮೂಳೆ ಸೀಳಿಯಾಗಿದೆ, ಬೆರಳಲ್ಲಿ ಒತ್ತೋಕೆ ಆಸರೆಯೇ ಇಲ್ಲ. ಅವಳಿಗೆ ಹೇಳಿದೆ.
"ನಿಮ್ಮ ಬೆರಳಿದೆಯಲ್ಲ ಮೇಡಂ?"
ಭಯ ಆಗ್ತಿದೆ ನನಗೆ.

ಮಾರ್ಚ್ 15, ಬೆಳಿಗ್ಗೆ
ಸಿಸ್ಟರ್ ಫೋನ್. ಮತ್ತೆ ರಕ್ತ. 'ಸ್ವಲ್ಪ' ಅನ್ನಲಿಲ್ಲ ಅವಳು. ನನ್ನ ಕರೆತರೋಕೆ ಗಾಡಿ ಕಳಿಸಿದ್ದಾರೆ. ಚಪ್ಪಲಿ ಹಾಕ್ಕೊಂಡು ಕೂತಿದ್ದೀನಿ. ಸುಮ್ನೆ ಕಾಯೋಕೆ ಆಗ್ತಿಲ್ಲ, ಅದಕ್ಕೇ ಬರೀತಿದ್ದೀನಿ.
ಸೈರನ್ ಕೇಳಿಸ್ತು! ಡ್ರೈವರಣ್ಣನದೇ ಗಾಡಿ, ಓಡಿಸ್ತಿರೋದು ಆ ಹೊಸಬ. ತಿರುವಿನ ಹತ್ರ ಬಂತು, ಬೇಗ ಬಾರಪ್ಪ...
ನಿಂತ್ಹೋಯ್ತು. ಗಾಡಿ ಬರ್ತಾನೇ ಇದೆ, ಸೈರನ್ ಮಾತ್ರ—