ಮಾವನವರ ಕಾರಿಗೆ ಟ್ಯಾಕ್ಸಿಯ ಚಕ್ರ

ಮನೆಯಿಂದ,
ಹತ್ತನೇ ತಾರೀಕು, ಶನಿವಾರ ಬೆಳಿಗ್ಗೆ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ರೂಮಿನ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಕೆಳಗೆ ಇಳಿಯಬೇಡಿ. ಹೋದ ಸಲ ಬಂದಾಗ ನಾನು ಪಕ್ಕದಲ್ಲೇ ನಿಂತು ಊಟಕ್ಕೆ ಕರೆದರೆ ನೀವು ಕಿಟಕಿಯ ಕಡೆ ತಿರುಗಿ ‘ಯಾರೋ ಕರೀತಿದಾರೆ ನೋಡು’ ಅಂದದ್ದು ನನಗಿನ್ನೂ ಮರೆತಿಲ್ಲ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅತ್ತೆಯವರ ಸೊಂಟ ಇದ್ದ ಹಾಗೇ ಇದೆ, ಬಾಯಿ ಮಾತ್ರ ದಿನೇ ದಿನೇ ಚುರುಕಾಗುತ್ತಿದೆ. ಇನ್ನು ಸುದ್ದಿ. ಕೂತುಕೊಂಡು ಓದಿ. ಫೋನಿನಲ್ಲಿ ಹೇಳಿದ್ದರೆ ಮೊದಲ ಮಾತಿಗೇ ಅಡ್ಡಬಾಯಿ ಹಾಕುತ್ತಿದ್ದಿರಿ, ಕಾಗದಕ್ಕೆ ಆ ಭಯವಿಲ್ಲ. ಕಾರಿಗೆ ಬೇರೆ ಚಕ್ರ ಹಾಕಿಸಿದ್ದೇವೆ. ಹೌದು, ಮಾವನವರ ಕಾರಿಗೇ. ನಾಲ್ಕಕ್ಕೆ ನಾಲ್ಕೂ!

ಚಕ್ರದ ರಿಮ್ಮು ಬೋಲ್ಟಿನ ತೂತಿನ ಪಕ್ಕದಲ್ಲಿ ಸೀಳು ಬಿಟ್ಟಾಗಿನಿಂದ ಕಾರು ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂತಿತ್ತಲ್ಲ. ‘ಒರಿಜಿನಲ್ ಸಿಗೋವರೆಗೂ ಯಾರೂ ಮುಟ್ಟಬೇಡಿ’ ಎಂದು ಹೇಳಿ ನೀವು ಹಡಗು ಹತ್ತಿದಿರಿ. ಆ ಅಳತೆಯ ರಿಮ್ಮು ಮಾಡುವುದನ್ನು ಕಂಪನಿಯವರು ಯಾವ ಕಾಲದಲ್ಲೋ ನಿಲ್ಲಿಸಿದ್ದಾರೆ, ಅದಕ್ಕೆ ಕೂರುವ ಟೈರೂ ಈಗ ಸಿಗುವುದಿಲ್ಲ. ನಾನು ಆಗಾಗ ಧೂಳು ಒರೆಸುತ್ತಿದ್ದೆ, ಅತ್ತೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಹೋದ ತಿಂಗಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ, ‘ಅವನು ಮೂಲದ ಚಕ್ರ ಹುಡುಕೋ ಹೊತ್ತಿಗೆ ನಾನೇ ಮೂಲಸ್ಥಾನ ಸೇರಿರ್ತೀನಿ. ಬೇರೆ ಹಾಕ್ಸು’ ಎಂದರು. ನಿಮ್ಮ ಪರವಾಗಿ ವಾದ ಮಾಡಿದೆ, ನಿಜವಾಗಿಯೂ. ಮಾವನವರು ಬಿಟ್ಟುಹೋದ ಹಾಗೇ ಇರಲಿ ಅಂತ ಇವರಿಗೆ ಆಸೆ ಅತ್ತೆ, ಒಂದು ಸ್ಕ್ರೂ ಬದಲಾದರೂ ನೊಂದುಕೊಳ್ಳುತ್ತಾರೆ, ಎಂದೆ. ಅವರು ಸೆರಗಿನ ತುದಿ ಸುತ್ತುತ್ತ, ‘ಅವರು ಬಿಟ್ಟುಹೋದಾಗ ಕಾರು ಓಡ್ತಾ ಇತ್ತು ಕಣೇ. ಒರಿಜಿನಲ್ ಅಂದ್ರೆ ಅದು’ ಎಂದರು. ನಾನು ಧೂಳು ಒರೆಸುವ ಬಟ್ಟೆ ಕೆಳಗಿಟ್ಟೆ.

ಗ್ಯಾರೇಜಿನ ದಪ್ಪಣ್ಣನವರನ್ನು ಕರೆಸಿದೆವು. (ಈಗ ಹೆಸರಿಗಷ್ಟೇ ದಪ್ಪ, ಸಕ್ಕರೆ ಕಾಯಿಲೆ ಬಂದು ಕಡ್ಡಿಯಾಗಿದ್ದಾರೆ. ನಿಮ್ಮನ್ನು ಬಹಳ ಕೇಳಿದರು.) ಅವರು ಗುಜರಿಯಿಂದ ಬೇರೆ ಕಂಪನಿಯ ಹಳೆಯ ಟ್ಯಾಕ್ಸಿಯೊಂದರ ಚಕ್ರಗಳನ್ನು ಹೊತ್ತು ತಂದರು. ಬೋಲ್ಟಿನ ತೂತುಗಳು ನಮ್ಮ ಕಾರಿಗೇ ಹೇಳಿ ಮಾಡಿಸಿದ ಹಾಗೆ ಕೂತವು. ನಾನು ಅಲ್ಲೇ ಕುಣಿದಾಡಿಬಿಟ್ಟೆ. ಆದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಕರ್ರೆಂದು ಸದ್ದು! ಈ ಟೈರು ಅಗಲ, ಒಳಗಿನ ಕಂಬಿಗೆ ಉಜ್ಜುತ್ತಿತ್ತು. ನನ್ನ ಮುಖ ಸಪ್ಪಗಾಯಿತು. ಅತ್ತೆ ಕುರ್ಚಿಯಿಂದಲೇ, ‘ರವಿಕೆ ಬಿಗಿ ಆದ್ರೆ ಬಿಸಾಕ್ತೀವಾ? ಹೊಲಿಗೆ ಬಿಚ್ಚಿ ಸಡಿಲ ಮಾಡ್ತೀವಿ’ ಎಂದು ದರ್ಜಿಯಾದ ನನಗೇ ಪಾಠ ಹೇಳಿದರು. ದಪ್ಪಣ್ಣನವರು ಚಕ್ರದ ಹಿಂದೆ ತೆಳ್ಳನೆಯ ಉಕ್ಕಿನ ಬಿಲ್ಲೆ ಕೊಟ್ಟು, ಉದ್ದನೆಯ ಬೋಲ್ಟು ಹಾಕಿ, ಚಕ್ರವನ್ನು ಒಂದಿಷ್ಟು ಆಚೆ ಸರಿಸಿದರು. ನೀವು ಕೇಳುವ ಮೊದಲೇ ಹೇಳುತ್ತೇನೆ: ಬೋಲ್ಟುಗಳು ಪೂರ್ತಿ ಕಚ್ಚಿಕೊಂಡಿವೆ, ನಾನೇ ಬಗ್ಗಿ ನೋಡಿದ್ದೇನೆ. ಬ್ರೇಕು ಸರಿಯಾಗಿದೆ. ಸ್ಪೀಡಿನ ಮೀಟರು ಮಾತ್ರ ಸ್ವಲ್ಪ ಸುಳ್ಳು ಹೇಳುತ್ತದೆ. ಟೈರು ದೊಡ್ಡದಾದ್ದರಿಂದ ತೋರಿಸುವುದು ಕಡಿಮೆ, ಹೋಗುವುದು ಜಾಸ್ತಿ. ನಿಮ್ಮಮ್ಮನ ವಯಸ್ಸಿನ ಹಾಗೆ.

ಚಕ್ರದ ಮುಖ ಮುಚ್ಚುವ ಹಳೆಯ ವೀಲ್ ಕ್ಯಾಪುಗಳು ಈ ಚಕ್ರಕ್ಕೆ ಕೂರಲಿಲ್ಲ. ಬೇಡ ಬಿಡಿ ಅತ್ತೆ, ಎಂದರೆ ಕೇಳಬೇಕಲ್ಲ. ‘ಬರಿಗಾಲಲ್ಲಿ ಕಾರು ಬೀದಿಗೆ ಇಳೀಬಾರದು’ ಎಂದು ಹಟ ಹಿಡಿದರು. ದಪ್ಪಣ್ಣನವರು ಇನ್ನೆಲ್ಲಿಂದಲೋ ಬೆಳ್ಳಿ ಬಣ್ಣದ ಕ್ಯಾಪುಗಳನ್ನು ತಂದರು. ಅವುಗಳ ಮೇಲೆ ಮೂರನೆಯ ಕಂಪನಿಯ ಗುರುತು! ಬಾನೆಟ್ಟಿನ ಮೇಲೊಂದು ಹೆಸರು, ಚಕ್ರದ ಮೇಲೊಂದು ಹೆಸರು, ನೋಡಿದವರು ನಗುವುದಿಲ್ಲವೇ ಎಂದು ನಾನು ಗೊಣಗಿದೆ. ‘ನಾನೂ ಒಂದು ಮನೇಲಿ ಹುಟ್ಟಿ ಇನ್ನೊಂದು ಮನೆ ಹೆಸರು ಇಟ್ಕೊಂಡಿದೀನಿ. ಯಾರು ನಕ್ಕಿದಾರೆ?’ ಎಂದು ಬಾಯಿ ಮುಚ್ಚಿಸಿದರು.

ಅಂತೂ ನಿನ್ನೆ ಸಂಜೆ ಕಾರು ಹೊರಬಿತ್ತು. ಲೈಸೆನ್ಸ್ ಕೈಗೆ ಬಂದಿದ್ದರೂ ನಾನು ಒಬ್ಬಳೇ ದಿಬ್ಬದ ರಸ್ತೆ ಹತ್ತಿಸಿದವಳಲ್ಲ. ಅಂಗೈ ಎಷ್ಟು ಬೆವರಿತ್ತೆಂದರೆ ಸ್ಟೇರಿಂಗಿಗೆ ಟವಲು ಸುತ್ತಿಕೊಳ್ಳಬೇಕಾಯಿತು. ಹಿಂದೆ ಲಾರಿಯವನ ಹಾರ್ನು, ಪಕ್ಕದಲ್ಲಿ ಅತ್ತೆಯ ‘ಹೋಗು ಹೋಗು, ಹೆದರ್ಬೇಡ, ನಾನಿದೀನಿ.’ ದಿಬ್ಬ ಹತ್ತಿಯೇಬಿಟ್ಟಿತು ರೀ! ಕಾರು ಎಷ್ಟು ಹಗುರವಾಗಿ ಹೋಗುತ್ತದೆ ಗೊತ್ತೇ? ಮೊದಲಿನ ಹಾಗೆ ಗುಂಡಿಗುಂಡಿಗೂ ನರಳುವುದಿಲ್ಲ. ಮೇಲಿನ ತಿರುವಿನಲ್ಲಿ ಠಣ್ಣೆಂದು ಸದ್ದಾಯಿತು. ಎಡಗಡೆಯ ಕ್ಯಾಪು ಕಳಚಿಕೊಂಡು, ನಮ್ಮನ್ನೇ ಹಿಂದೆ ಹಾಕಿ, ಇಳಿಜಾರಿನಲ್ಲಿ ಉರುಳುತ್ತ ನೇರ ಕ್ಷೌರದಂಗಡಿಗೆ ನುಗ್ಗಿತು. ಕ್ಷೌರಿಕ ಅದನ್ನು ಎತ್ತಿಕೊಂಡು ಓಡಿ ಬಂದ, ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿ. ‘ಅಮ್ಮಾ, ನಿಮ್ಮ ಊಟದ ತಟ್ಟೆ ಬಂದಿತ್ತು’ ಎಂದ. ಅತ್ತೆ ನಕ್ಕು ನಕ್ಕು ಸೊಂಟ ಹಿಡಿದುಕೊಂಡರು. ಅವರು ಹಾಗೆ ನಕ್ಕಿದ್ದನ್ನು ಮಾವನವರು ಹೋದ ಮೇಲೆ ನಾನು ಕಂಡೇ ಇರಲಿಲ್ಲ. ಪಕ್ಕದ ಎಲೆಕ್ಟ್ರಿಕ್ ಅಂಗಡಿಯಿಂದ ವೈರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ತಂದು, ಕ್ಯಾಪಿನ ತೂತುಗಳೊಳಗೆ ತೂರಿಸಿ, ನಾಲ್ಕನ್ನೂ ಚಕ್ರಕ್ಕೆ ಬಿಗಿದೆವು. ಈಗ ಕೂಗಿ ಕರೆದರೂ ಕಳಚುವುದಿಲ್ಲ.

ಆಮೇಲೆ ಹೆದ್ದಾರಿಗೆ ಹೋದೆವು. ಅತ್ತೆ ಗಾಜು ಇಳಿಸಿ, ಕೈ ಆಚೆ ಚಾಚಿ, ಗಾಳಿಯನ್ನು ಬೊಗಸೆಯಲ್ಲಿ ಹಿಡಿಯುವವರ ಹಾಗೆ ಕೂತಿದ್ದರು. ‘ಇನ್ನೂ ಸ್ವಲ್ಪ ಮುಂದೆ’ ಎನ್ನುತ್ತಲೇ ಇದ್ದರು. ಎಷ್ಟು ದೂರ ಹೋದರೂ ಸೊಂಟ ನೋಯುತ್ತದೆ ಎನ್ನಲಿಲ್ಲ. ಮನೆಗೆ ಬಂದ ಮೇಲೂ ಇಳಿಯಲೊಲ್ಲರು. ಶೆಡ್ಡಿನಲ್ಲೇ, ಕಾರಿನೊಳಗೇ ಇಬ್ಬರೂ ಕಾಫಿ ಕುಡಿದೆವು.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬೈಯಬಾರದೆಂಬ ಆಜ್ಞೆಯನ್ನೂ. ದಪ್ಪಣ್ಣನವರ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನನ್ನ ಮೇಲಿನ ಸಿಟ್ಟನ್ನು ಅನ್ನದ ಮೇಲೆ ತೋರಿಸಬೇಡಿ.

ನಿಮ್ಮ,
ಇವಳು

ತಾ.ಕ.: ನೋಡಿ, ಮುಖ್ಯವಾದದ್ದನ್ನೇ ಬಿಟ್ಟೆ! ಈ ತಿಂಗಳ ಇಪ್ಪತ್ತೆರಡಕ್ಕೆ ನಿಮ್ಮ ಹಡಗು ನಮ್ಮ ಕಡೆಯ ಬಂದರಿಗೆ ಬರುತ್ತದೆ, ಸರಕು ಇಳಿಸಿ ಅಂದೇ ಹೊರಡುತ್ತದೆ, ಮನೆಗೆ ಬರಲಾಗದು, ಅಮ್ಮನಿಗೆ ಬಸ್ಸಿನಲ್ಲಿ ಅಷ್ಟು ದೂರ ಕೂರಲಾಗದು, ನೀವ್ಯಾರೂ ಬರಬೇಡಿ ಎಂದು ಬರೆದಿದ್ದಿರಲ್ಲ? ಅದನ್ನು ಓದಿ ಹೇಳಿದ ಮರುದಿನವೇ ಅತ್ತೆ ಚಕ್ರದ ಮಾತೆತ್ತಿದ್ದು. ನಾವು ಬರುತ್ತಿದ್ದೇವೆ. ಓಡಿಸುವವಳು ನಾನು. ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ: ಅರ್ಧ ಗಂಟೆಯಾದರೂ ಸರಿ, ಕ್ಯಾಪ್ಟನ್ನರನ್ನು ಈಗಲೇ ಕೇಳಿಟ್ಟುಕೊಂಡು ಗೇಟಿನ ಹೊರಗೆ ಬಂದು ನಿಲ್ಲಿ. ಚಕ್ರವನ್ನು ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ಮೊದಲು ಕಾರಿನೊಳಗೆ ಯಾರು ಕೂತಿದ್ದಾರೆ ನೋಡಿ.