ಮಂಗಳವಾರದ ಹಾಡಿಗೆ ಬೀಗ ಹಾಕಿಸಿದವನ ಮನವಿ

ಪಟ್ಟಣ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ವಾಚನಾಲಯದ ಮೇಲಿನ ಕೋಣೆಗೆ ನೀವು ಹಾಕಿಸಿದ ಬೀಗವನ್ನು ತೆಗೆಸಬೇಕು. ಹಾಕಿಸಿ ಎಂದು ಅರ್ಜಿ ಬರೆದವನೂ ನಾನೇ, ಎದುರು ಅಂಗಡಿಯ ರೇಡಿಯೊ ರಿಪೇರಿಯವನು.

ನಿಮ್ಮ ಚುರುಕನ್ನು ಮೆಚ್ಚಲೇಬೇಕು. ಒಡೆದ ಚರಂಡಿಯ ಬಗ್ಗೆ ಮೂರು ವರ್ಷದಿಂದ ಬರೆಯುತ್ತಿದ್ದೇನೆ. ಈವರೆಗೆ ಅದರ ಮೇಲೆ ಒಂದು ಚಪ್ಪಡಿಯೂ ಬಿದ್ದಿಲ್ಲ. ಹಾಡಿನ ಮೇಲೆ ದೂರು ಕೊಟ್ಟರೆ ಒಂಬತ್ತೇ ದಿನಕ್ಕೆ ಬೀಗ ಬಿತ್ತು! ನಿಮ್ಮವರಲ್ಲಿ ಒಬ್ಬರಾದರೂ ಮೆಟ್ಟಿಲು ಹತ್ತಿ ಅಲ್ಲಿ ನಡೆಯುವುದೇನು ಎಂದು ಕೇಳಿದರೇ? ಎದುರಿಗಿದ್ದ ನಾನೇ ಹತ್ತಿರಲಿಲ್ಲ, ನಿಮ್ಮನ್ನೇನು ಅನ್ನಲಿ.

ಪ್ರತಿ ಮಂಗಳವಾರ ಸಂಜೆ ಅಲ್ಲಿ ಹದಿನಾಲ್ಕು ಜನ ಸೇರಿ ಹಾಡುತ್ತಿದ್ದರು. ಇಸ್ತ್ರಿ ಅಂಗಡಿಯಾಕೆ, ಬಸ್ ಕಂಡಕ್ಟರ್, ನನ್ನ ಒಡಹುಟ್ಟಿದ ಅಕ್ಕ, ಇಂಥವರೇ. ಒಬ್ಬರಿಗೂ ಶ್ರುತಿಯ ಗಂಧವಿಲ್ಲ. ಅದಕ್ಕಿಂತಲೂ ನನ್ನನ್ನು ಕೆರಳಿಸಿದ್ದು, ಹಾಡು ನಡುವೆ ತಟಕ್ಕನೆ ನಿಲ್ಲುವುದು, ಬರೀ ತಾಳಕ್ಕೆ ತೊಡೆ ತಟ್ಟುವ ಸದ್ದು, ಮತ್ತೆ ಶುರು. ‘ಸಾಲು ನೆನಪಿಲ್ಲದವರಿಗೆ ಸರ್ಕಾರಿ ಕೋಣೆ ಏಕೆ?’ ಎಂದು ಅರ್ಜಿಯಲ್ಲಿ ಬರೆದೆ. ಕೆಳಗಿನ ಹನ್ನೊಂದು ಸಹಿಗಳಲ್ಲಿ ಏಳು, ರಿಪೇರಿಗೆ ಬಂದವರು ನನ್ನ ಮುಲಾಜಿಗೆ ಹಾಕಿದವು.

ಬೀಗ ಬಿದ್ದ ಮೂರನೆಯ ಮಂಗಳವಾರ ಬೆಳಿಗ್ಗೆ, ಒಂಟಿಯಾಗಿರುವ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಗುರುವಾರ ಮಧ್ಯಾಹ್ನ ಇಸ್ತ್ರಿಯಾಕೆ ಬಟ್ಟೆ ಕೊಡಲು ಹೋದಾಗಲೇ ಅದು ಗೊತ್ತಾದದ್ದು. ಪಕ್ಕದ ಬೀದಿಯಲ್ಲೇ ಇರುವ ತಮ್ಮ, ಅಂದರೆ ನಾನು, ಭಾನುವಾರದ ನೆಂಟ.

ಹಾಡು ನಡುವೆ ಏಕೆ ನಿಲ್ಲುತ್ತಿತ್ತು, ಸಾಲು ಮರೆಯುತ್ತಿದ್ದಿರೇ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೇಳಿದೆ. ಇಸ್ತ್ರಿಯಾಕೆ ಹೇಳಿದಳು: “ನಾವು ಸಾಲು ಮರೀತಿರಲಿಲ್ಲ ರೇಡಿಯೊ ಅಣ್ಣ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಅವತ್ತು ಬರದೇ ಇದ್ದವರ ಸಾಲನ್ನ ಬೇರೆಯವರು ಹಾಡೋ ಹಾಗಿಲ್ಲ, ಖಾಲಿ ಬಿಡ್ತೀವಿ. ಮುಗಿದ್ಮೇಲೆ ಇಬ್ಬರು ಅವರ ಮನೆಗೆ ಹೋಗಿ ಬಾಗಿಲು ಬಡೀಬೇಕು. ಕಂಡಕ್ಟರಣ್ಣ ಜ್ವರ ಏರಿ ಪ್ರಜ್ಞೆ ಇಲ್ದೆ ಬಿದ್ದಿದ್ದಾಗ ಹಾಗೇ ಗೊತ್ತಾಗಿದ್ದು.”

ಕೋಣೆ ತೆರೆದಿದ್ದರೆ ಅಂದು ಸಂಜೆಯೇ ಅಕ್ಕನ ಬಾಗಿಲನ್ನೂ ಬಡಿಯುತ್ತಿದ್ದರು. ಎರಡು ರಾತ್ರಿ ಅವಳು ಒದ್ದೆ ನೆಲದ ಮೇಲಿದ್ದಳು, ಸ್ವಾಮಿ. ಇದನ್ನು ಕಡತದಲ್ಲಿ ಹೇಗೆ ನಮೂದಿಸುತ್ತೀರಿ? ‘ಶಬ್ದದ ಉಪದ್ರವ ನಿವಾರಣೆಯಾಗಿದೆ’ ಎಂದೇ? ಹದಿನಾಲ್ಕು ಮನೆಗಳಲ್ಲಿ ಯಾರು ಕಾಣುತ್ತಿಲ್ಲ ಎಂದು ವಿಚಾರಿಸುವ ಇಲಾಖೆ ನಿಮ್ಮಲ್ಲಿದೆಯೇ? ಅವರು ಅದನ್ನು ಹಾಡಿಕೊಂಡೇ ನಡೆಸುತ್ತಿದ್ದರು. ಬೇಕಿದ್ದದ್ದು ಒಂದು ಕೋಣೆ, ವಾರಕ್ಕೊಂದು ಸಂಜೆ.

ಅರ್ಜಿ ಯಾರದೆಂದು ಅಕ್ಕನಿಗೆ ಗೊತ್ತಿರಲಿಲ್ಲ. “ಯಾವ ಪುಣ್ಯಾತ್ಮನೋ! ಕಿವಿಗೆ ಹತ್ತಿ ಇಟ್ಕೊಂಡಿದ್ರೆ ಆಗ್ತಿರಲಿಲ್ವೇನೋ?” ಎಂದು ನಕ್ಕಳು. ನಾನೂ ನಕ್ಕೆ. ಆ ನಗುವಿನಷ್ಟು ಹೇಸಿಗೆಯದನ್ನು ನಾನು ಬಾಳಿನಲ್ಲಿ ಬೇರೆ ಮಾಡಿಲ್ಲ. ಬಾಯಿ ಬಿಡಲು ನಾಲ್ಕು ದಿನ ಬೇಕಾಯಿತು. ಕೇಳಿದವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಕಡೆಗೇ ನೋಡುತ್ತ, “ನನ್ನ ಹತ್ರ ಗುಟ್ಟಾಗಿ ತಪ್ಪಾಯ್ತು ಅನ್ಬೇಡ ಕಣೋ. ಸಹಿ ಹಾಕಿಸ್ಕೊಂಡಿದ್ದು ಊರ ಮುಂದೆ ತಾನೆ? ಅಲ್ಲೇ ಹೇಳು,” ಎಂದಳು.

ಇಗೋ, ಹೇಳಿದ್ದೇನೆ; ಇದರ ಪ್ರತಿಯನ್ನು ವಾಚನಾಲಯದ ಬಾಗಿಲಿಗೂ ಅಂಟಿಸಿದ್ದೇನೆ. ಬರುವ ಮಂಗಳವಾರದೊಳಗೆ ಕೋಣೆ ತೆರೆಸಿ, ಬೀಗದ ಕೈಯನ್ನು ಇಸ್ತ್ರಿಯಾಕೆಗೆ ಕೊಡಿ. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿ; ಊರುಗೋಲು ಹಿಡಿದಾದರೂ ಹತ್ತುತ್ತೇನೆ ಎಂದು ಅಕ್ಕ ಹಟ ಹಿಡಿದಿದ್ದಾಳೆ. ನನ್ನನ್ನೂ ಸೇರಿಸಿಕೊಳ್ಳಿ ಎಂದು ಹಾಡುವವರನ್ನು ಕೇಳಿಲ್ಲ. ಕೇಳುವ ಮುಖ ಇನ್ನೂ ಬಂದಿಲ್ಲ.

ಇಂತಿ, ತಲೆ ತಗ್ಗಿಸಿ,
ಹಳೆಯ ಅರ್ಜಿಯ ಮೊದಲ ಸಹಿಯವನು